ಲಂಡನ್ನಿನ ಅಂಚೆ ಕಚೇರಿಯ ಬೆಕ್ಕುಗಳಿಗೆ ನಿಜವಾಗಿಯೂ ಸಂಬಳವಿತ್ತೇ?

ಪ್ರಶ್ನೆ: ಕಡತಪ್ರಿಯೆ

ಎಲ್ಲರಿಗೂ ನಮಸ್ಕಾರ. ನಾನು ತಾಲ್ಲೂಕು ಕೇಂದ್ರವೊಂದರ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಬೇಸಿಗೆ ರಜೆಯಲ್ಲಿ ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗಾಗಿ ಪ್ರತಿ ಶನಿವಾರ ಒಂದು ಗಂಟೆ ಕತೆ ಹೇಳುವ ಕಾರ್ಯಕ್ರಮ ನಡೆಸುತ್ತೇವೆ. ಈ ಸಲ ನಾನು ಆರಿಸಿಕೊಂಡಿರುವ ವಿಷಯ ಲಂಡನ್ ನಗರದ ಹಳೆಯ ಕಾಲದ ಬೆಕ್ಕುಗಳು.

ಈ ಆಯ್ಕೆಗೆ ಕಾರಣ ನಮ್ಮ ಗ್ರಂಥಾಲಯದ ಬೆಕ್ಕು. ಎರಡು ವರ್ಷಗಳ ಹಿಂದಿನ ಮಳೆಗಾಲದಲ್ಲಿ ಇಲಿಗಳು ನಮ್ಮ ಹಳೆಯ ಪತ್ರಿಕಾ ಸಂಪುಟಗಳ ಬೆನ್ನನ್ನು ಕಡಿದು, ಬೈಂಡಿಂಗ್‌ಗೆ ಹಚ್ಚಿದ್ದ ಮೈದಾ ಅಂಟನ್ನು ತಿಂದುಹಾಕಿದ್ದವು. ಹನ್ನೆರಡು ಸಂಪುಟಗಳ ರಟ್ಟು ಕೈಗೆತ್ತಿಕೊಂಡರೆ ಪುಡಿಪುಡಿಯಾಗಿ ಉದುರುತ್ತಿತ್ತು. ಆಮೇಲೆ ತಾನಾಗಿಯೇ ಬಂದು ಸೇರಿಕೊಂಡ ಕಂದು ಪಟ್ಟೆಯ ಹೆಣ್ಣುಬೆಕ್ಕೊಂದು ಆ ಕೋಣೆಯನ್ನು ಇಂದಿಗೂ ಕಾಯುತ್ತಿದೆ. ಅದರ ಹಾಲಿನ ಖರ್ಚನ್ನು ಯಾವ ಲೆಕ್ಕದ ಬಾಬಿಗೆ ಹಾಕಬೇಕೆಂದು ತಿಳಿಯದೆ ನಾವು ನಾಲ್ವರು ಸಿಬ್ಬಂದಿಯೇ ಹಂಚಿಕೊಳ್ಳುತ್ತೇವೆ. ಹೀಗಿರುವಾಗ, 1868ರಲ್ಲಿ ಲಂಡನ್ನಿನ ಅಂಚೆ ಇಲಾಖೆಯು ಮೂರು ಬೆಕ್ಕುಗಳಿಗೆ ವಾರಕ್ಕೆ ಒಂದು ಶಿಲಿಂಗ್ ಮಂಜೂರು ಮಾಡಿತ್ತು ಎಂಬ ಸಾಲೊಂದು ಕಣ್ಣಿಗೆ ಬಿತ್ತು. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಮಕ್ಕಳು ಪ್ರತಿ ಕತೆಯ ಕೊನೆಗೂ ‘ಮಿಸ್, ಇದು ನಿಜವಾಗಿ ನಡೆದದ್ದಾ?’ ಎಂದು ಕೇಳುತ್ತಾರೆ. ಹಾಗೆ ಕೇಳಿದಾಗ ಧೈರ್ಯವಾಗಿ ಹೌದು ಎನ್ನಬಹುದಾದ ಸಂಗತಿಗಳಷ್ಟೇ ನನಗೆ ಬೇಕು. ಅಂಚೆ ಕಚೇರಿಯ ಕತೆ ನಿಜವೇ? ಬಾಲ್ಯದಲ್ಲಿ ನಾವೆಲ್ಲ ಓದಿದ ಡಿಕ್ ವಿಟಿಂಗ್‌ಟನ್ ಮತ್ತು ಅವನ ಬೆಕ್ಕಿನ ಕತೆಯನ್ನು ಸೇರಿಸಬಹುದೇ? ಇಂಥವು ಬೇರೆ ಯಾವುವಿವೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಥೇಮ್ಸ್ ದಂಡೆ

ಕಡತಪ್ರಿಯೆ ಅವರೇ, ನಾನು ಹದಿನಾರು ವರ್ಷಗಳಿಂದ ಲಂಡನ್ನಿನಲ್ಲಿದ್ದೇನೆ. ಅಂಚೆ ಕಚೇರಿಯ ಕತೆ ನಿಜ. ಆ ಇಲಾಖೆಯ ಹಳೆಯ ಕಡತಗಳನ್ನು ಇಲ್ಲಿನ ಪೋಸ್ಟಲ್ ಮ್ಯೂಸಿಯಂ ಕಾಪಾಡಿಕೊಂಡು ಬಂದಿದೆ. ಬೆಕ್ಕುಗಳ ಪತ್ರವ್ಯವಹಾರವೂ ಅವುಗಳಲ್ಲಿ ಸೇರಿದೆ.

ನಡೆದದ್ದು ಹೀಗೆ. ಲಂಡನ್ನಿನ ಮನಿ ಆರ್ಡರ್ ಕಚೇರಿಯಲ್ಲಿ ಇಲಿಗಳ ಕಾಟ ಮಿತಿಮೀರಿದಾಗ, ಅಲ್ಲಿನ ಮುಖ್ಯಸ್ಥರು ಮೂರು ಬೆಕ್ಕುಗಳನ್ನು ಸಾಕಲು ವಾರಕ್ಕೆ ಎರಡು ಶಿಲಿಂಗ್ ಬೇಕೆಂದು ಮೇಲಕ್ಕೆ ಬರೆದರು. 1868ರ ಸೆಪ್ಟೆಂಬರಿನಲ್ಲಿ ಇಲಾಖೆಯ ಕಾರ್ಯದರ್ಶಿಯಿಂದ ಉತ್ತರ ಬಂತು. ಕೇಳಿದ್ದರಲ್ಲಿ ಅರ್ಧ, ಅಂದರೆ ಒಂದು ಶಿಲಿಂಗ್, ಮಂಜೂರಾಗಿತ್ತು. ಬೆಕ್ಕುಗಳು ಪರೀಕ್ಷೆಯೊಂದಕ್ಕೆ ಒಳಪಡಬೇಕು, ಅವು ಹೆಣ್ಣಾಗಿದ್ದರೆ ಒಳ್ಳೆಯದು, ಅವಕ್ಕೆ ಅತಿಯಾಗಿ ತಿನ್ನಿಸಬಾರದು, ಸಂಬಳದ ಉಳಿದ ಭಾಗಕ್ಕೆ ಅವು ಇಲಿಗಳನ್ನೇ ಅವಲಂಬಿಸಬೇಕು, ಆರು ತಿಂಗಳಲ್ಲಿ ಇಲಿಗಳು ಕಡಿಮೆಯಾಗದಿದ್ದರೆ ಈ ಭತ್ಯೆಯಲ್ಲಿಯೂ ಒಂದು ಪಾಲನ್ನು ಕಡಿತ ಮಾಡಲಾಗುವುದು ಎಂಬ ಷರತ್ತುಗಳಿದ್ದವು. ಬೆಕ್ಕುಗಳು ಆ ಪರೀಕ್ಷಾ ಅವಧಿಯನ್ನು ದಾಟಿದವು. 1873ರಲ್ಲಿ ಭತ್ಯೆ ಒಂದೂವರೆ ಶಿಲಿಂಗ್‌ಗೆ ಏರಿತು, ಮುಂದೆ ಬೇರೆ ಅಂಚೆ ಕಚೇರಿಗಳಿಗೂ ಈ ಪದ್ಧತಿ ಹಬ್ಬಿತು.

ವಿಟಿಂಗ್‌ಟನ್ ಕತೆಯನ್ನು ದಯವಿಟ್ಟು ನಿಜದ ಪಟ್ಟಿಗೆ ಸೇರಿಸಬೇಡಿ. ರಿಚರ್ಡ್ ವಿಟಿಂಗ್‌ಟನ್ ಎಂಬ ಬಟ್ಟೆ ವ್ಯಾಪಾರಿ ಇದ್ದದ್ದು ನಿಜ, ಅವನು ಲಂಡನ್ನಿನ ಮೇಯರ್ ಆದದ್ದೂ ನಿಜ. ಅವನು ತೀರಿಕೊಂಡದ್ದು 1423ರಲ್ಲಿ. ಆದರೆ ಅವನು ಅನಾಥ ಬಾಲಕನಾಗಿರಲಿಲ್ಲ, ಗ್ಲಾಸ್ಟರ್‌ಷೈರಿನ ಅನುಕೂಲಸ್ಥ ಮನೆತನದವನು. ಬೆಕ್ಕಿನ ಪ್ರಸ್ತಾಪ ಕಾಣಿಸಿಕೊಳ್ಳುವುದು ಅವನು ಸತ್ತು ಹೆಚ್ಚುಕಡಿಮೆ ಇನ್ನೂರು ವರ್ಷಗಳಾದ ಮೇಲೆ. ಹೈಗೇಟ್ ಬೆಟ್ಟದ ರಸ್ತೆಯಲ್ಲಿ ಅವನ ನೆನಪಿನ ಕಲ್ಲಿದೆ, ಅದರ ಮೇಲೊಂದು ಕಪ್ಪು ಬೆಕ್ಕು ಕೂತಿದೆ. ಆ ಬೆಕ್ಕನ್ನು ಅಲ್ಲಿ ಇಟ್ಟದ್ದು 1964ರಲ್ಲಿ. ದಂತಕತೆ ಹೇಗೆ ಬೆಳೆಯುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸುವುದಕ್ಕೆ ಇದು ಉತ್ತಮ ಉದಾಹರಣೆಯಾಗಬಹುದು.

ಉತ್ತರ: ನಿವೃತ್ತ ಅಂಚೆ ಗುಮಾಸ್ತ

ಮಾನ್ಯರೇ, ಮೂವತ್ತನಾಲ್ಕು ವರ್ಷ ಅಂಚೆ ಕೆಲಸ ಮಾಡಿದವನಾಗಿ ನನಗೆ ಆ ಲಂಡನ್ ಮುಖ್ಯಸ್ಥರ ಸಂಕಟ ಬಹಳ ಚೆನ್ನಾಗಿ ಅರ್ಥವಾಗುತ್ತದೆ. ಅಂಚೆ ಕಚೇರಿಗೆ ಇಲಿ ಏಕೆ ಬರುತ್ತದೆ ಎಂದು ಹೊರಗಿನವರಿಗೆ ಆಶ್ಚರ್ಯವಾಗಬಹುದು. ಗೋಣಿ, ಕ್ಯಾನ್ವಾಸ್ ಚೀಲಗಳು, ಹುರಿ, ಅಂಟು, ಕಾಗದ, ಜೊತೆಗೆ ಪಾರ್ಸಲ್ಲಿನೊಳಗಿನ ತಿನಿಸು, ಇವೆಲ್ಲ ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಬಿದ್ದಿರುವ ಜಾಗ ಅದು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಸಣ್ಣ ಊರಿನ ಕಚೇರಿಯಲ್ಲಿ ಒಂದು ಸಂಕ್ರಾಂತಿಯ ಮುನ್ನಾದಿನ ಎಳ್ಳುಬೆಲ್ಲದ ಪಾರ್ಸಲ್ಲುಗಳಿದ್ದ ಚೀಲವನ್ನು ಬೆಳಿಗ್ಗೆ ತೆಗೆದು ನೋಡಿದರೆ, ಅರಗಿನ ಮುದ್ರೆ ಇದ್ದಂತೆಯೇ ಇತ್ತು, ಹುರಿಯ ಗಂಟೂ ಬಿಚ್ಚಿರಲಿಲ್ಲ. ಚೀಲದ ಬುಡದಲ್ಲಿ ಮಾತ್ರ ಹೆಬ್ಬೆರಳು ಹೋಗುವಷ್ಟು ತೂತು, ಅದರ ಅಂಚಿನ ನೂಲುಗಳು ಇನ್ನೂ ಒದ್ದೆಯಾಗಿದ್ದವು. ಬೆಲ್ಲ ಹೋದದ್ದು ದೊಡ್ಡ ಮಾತಲ್ಲ. ಅದೇ ಚೀಲದಲ್ಲಿದ್ದ ಒಂದು ಮನಿ ಆರ್ಡರ್ ಫಾರಂನಲ್ಲಿ ಪಡೆಯುವವರ ಹೆಸರು, ವಿಳಾಸ ಇದ್ದ ಭಾಗವೇ ಮಾಯವಾಗಿತ್ತು. ಡೂಪ್ಲಿಕೇಟ್ ಬರುವವರೆಗೆ, ಹನ್ನೊಂದು ದಿನ, ಅಜ್ಜಿಯೊಬ್ಬರು ದಿನವೂ ಬಂದು ಬಾಗಿಲ ಬಳಿ ನಿಂತು ಹೋಗುತ್ತಿದ್ದರು. ಮಗ ಕಳಿಸಿದ ಹಣ ಬಂದಿದೆ, ಕೊಡುವಂತಿಲ್ಲ ಎಂದು ಅವರಿಗೆ ಹೇಳಬೇಕಾಗಿ ಬಂದದ್ದು ನನಗೆ ಇಂದಿಗೂ ನೋವು ಕೊಡುವ ನೆನಪು. ಮನಿ ಆರ್ಡರ್ ಕಚೇರಿಯೇ ಮೊದಲು ಬೆಕ್ಕು ಬೇಕೆಂದು ಕೇಳಿದ್ದರಲ್ಲಿ ನನಗೆ ಯಾವ ಆಶ್ಚರ್ಯವೂ ಇಲ್ಲ.

ಇನ್ನು ಆ ಒಂದು ಶಿಲಿಂಗ್‌ನ ಲೆಕ್ಕ. ಒಂದು ಶಿಲಿಂಗ್ ಎಂದರೆ 12 ಪೆನ್ಸ್. ಮೂರು ಬೆಕ್ಕುಗಳಿಗೆ ಹಂಚಿದರೆ ತಲಾ 4 ಪೆನ್ಸ್. ಆ ಕಾಲದ ಲಂಡನ್ನಿನಲ್ಲಿ ಬೆಕ್ಕುಗಳಿಗೆಂದೇ ಕುದುರೆ ಮಾಂಸವನ್ನು ಬೇಯಿಸಿ, ಕಡ್ಡಿಗಳಿಗೆ ಸಿಕ್ಕಿಸಿ, ಬೀದಿ ಬೀದಿ ಕೂಗುತ್ತ ಮಾರುವವರಿದ್ದರು. 1850ರ ಸುಮಾರಿಗೆ ಹೆನ್ರಿ ಮೇಹ್ಯೂ ಎಂಬ ಪತ್ರಕರ್ತರು ಬೀದಿ ವ್ಯಾಪಾರಿಗಳ ಬದುಕನ್ನು ವಿಚಾರಿಸಿ ಬರೆದಾಗ, ಇಂಥ ಮಾಂಸ ಮಾರುವವರು ಸುಮಾರು 1,000 ಮಂದಿ, ನಗರದ ಬೆಕ್ಕುಗಳು ಸುಮಾರು 3 ಲಕ್ಷ ಎಂದು ಲೆಕ್ಕ ಹಾಕಿದ್ದರು. ಮಾಂಸದ ಬೆಲೆ ಒಂದು ಪೌಂಡ್ ತೂಕಕ್ಕೆ ಎರಡೂವರೆ ಪೆನ್ನಿ. ಅದೇ ದರವನ್ನು ಹಿಡಿದರೆ 4 ಪೆನ್ಸ್‌ಗೆ ವಾರಕ್ಕೆ ಒಂದೂವರೆ ಪೌಂಡಿಗಿಂತ ಸ್ವಲ್ಪ ಹೆಚ್ಚು, ನಮ್ಮ ಲೆಕ್ಕದಲ್ಲಿ ದಿನಕ್ಕೆ ಸುಮಾರು 100 ಗ್ರಾಂ ಮಾಂಸ. ಹಾಲಿಗೆ ಕಾಸು ಉಳಿಯುವುದಿಲ್ಲ. ದೊಡ್ಡ ಬೆಕ್ಕೊಂದಕ್ಕೆ ಇದು ಅರೆಹೊಟ್ಟೆಯ ಊಟ. ಅಂದರೆ ಆ ಕಾರ್ಯದರ್ಶಿಯವರು ಉಳಿದದ್ದನ್ನು ಇಲಿಗಳಿಂದ ತುಂಬಿಸಿಕೊಳ್ಳಲಿ ಎಂದದ್ದು ಬರಿಯ ಮಾತಾಗಿರಲಿಲ್ಲ. ಲೆಕ್ಕ ಹಾಕಿಯೇ ಬರೆದಂತಿದೆ. ಮಕ್ಕಳಿಂದ ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿಸಿ ನೋಡಿ.

ಈ ಬೆಕ್ಕುಗಳ ವಿಷಯ ಪಾರ್ಲಿಮೆಂಟಿನವರೆಗೂ ಹೋಯಿತು. ಭತ್ಯೆ ಏರಿಸಿ ಎಷ್ಟು ಕಾಲವಾಯಿತು ಎಂದು 1953ರಲ್ಲಿ ಕೆಳಮನೆಯಲ್ಲಿ ಪ್ರಶ್ನೆ ಬಂದಾಗ, ಸಹಾಯಕ ಪೋಸ್ಟ್‌ಮಾಸ್ಟರ್ ಜನರಲ್ ಡೇವಿಡ್ ಗ್ಯಾಮನ್ಸ್ ಅವರು ಒಂದೊಂದು ಕಡೆ ಒಂದೊಂದು ದರವಿದೆ, ಹಿಡಿದ ಇಲಿಗೆ ತಕ್ಕಂತೆ ಸಂಬಳ ಕೊಡುವ ಪದ್ಧತಿಯನ್ನು ರೂಪಿಸಲು ಸಾಧ್ಯವಾಗಿಲ್ಲ ಎಂದು ಉತ್ತರಿಸಿದರು. ಆಗ ಕೆಲಸದಲ್ಲಿದ್ದವರಲ್ಲಿ ಎಲ್ಲರಿಗಿಂತ ಹೆಸರುವಾಸಿಯಾದವನು ಟಿಬ್ಸ್ ಎಂಬ ಗಂಡುಬೆಕ್ಕು. 1950ರ ನವೆಂಬರಿನಲ್ಲಿ ಹುಟ್ಟಿದ ಅವನು ಲಂಡನ್ನಿನ ಕೇಂದ್ರ ಅಂಚೆ ಕಚೇರಿಯ ನೆಲಮಾಳಿಗೆಯಲ್ಲಿ, ಸಿಬ್ಬಂದಿಯ ಉಪಾಹಾರ ಗೃಹದಲ್ಲಿ ವಾಸವಾಗಿದ್ದ. ಅವನ ವಾರದ ಭತ್ಯೆ ಎರಡೂವರೆ ಶಿಲಿಂಗ್. ತೂಕ 23 ಪೌಂಡ್, ಅಂದರೆ ಹತ್ತು ಕಿಲೋಗಿಂತ ಹೆಚ್ಚು! ಹದಿನಾಲ್ಕು ವರ್ಷ ಸೇವೆ ಸಲ್ಲಿಸಿ ಅವನು 1964ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಪತ್ರಿಕೆಗಳು ಸುದ್ದಿ ಮಾಡಿದವು. ಕೇಂದ್ರ ಕಚೇರಿಯ ಕೊನೆಯ ಬೆಕ್ಕಿನ ಹೆಸರು ಬ್ಲ್ಯಾಕಿ. ಅದು ಸತ್ತದ್ದು 1984ರ ಜೂನಿನಲ್ಲಿ. ಅಷ್ಟರಲ್ಲಿ ಬಟ್ಟೆಯ ಚೀಲ ಹೋಗಿ, ಇಲಿಗಳು ಸುಲಭವಾಗಿ ಕಡಿಯಲಾಗದ ಪ್ಲಾಸ್ಟಿಕ್ ಚೀಲಗಳು ಬಂದಿದ್ದವು. ಆ ಹುದ್ದೆಯನ್ನು ಮತ್ತೆ ತುಂಬಲಿಲ್ಲ.

ಉತ್ತರ: ಶಾಸನಾಸಕ್ತ

ಕಡತಪ್ರಿಯೆ ಅವರು ಪತ್ರಿಕಾ ಸಂಪುಟಗಳ ವಿಷಯ ಬರೆದದ್ದರಿಂದ ಬ್ರಿಟಿಷ್ ಮ್ಯೂಸಿಯಂನ ಎರಡು ಬೆಕ್ಕುಗಳ ಕತೆಯನ್ನು ಹೇಳಲೇಬೇಕು. ಇದನ್ನು ಬರೆದಿಟ್ಟವರು ಅಲ್ಲಿನ ಈಜಿಪ್ಟ್ ವಿಭಾಗದ ಮುಖ್ಯಸ್ಥರಾಗಿದ್ದ ಸರ್ ಅರ್ನೆಸ್ಟ್ ವಾಲಿಸ್ ಬಡ್ಜ್. ಪ್ರಾಚೀನ ಈಜಿಪ್ಟಿನ ಗ್ರಂಥಗಳನ್ನು ಓದಿ ಅನುವಾದಿಸಿದ ವಿದ್ವಾಂಸರು.

ಮೊದಲನೆಯದು ಬ್ಲ್ಯಾಕ್ ಜಾಕ್ ಎಂಬ ಕರಿಯ ಬೆಕ್ಕು. ಒಂದು ಭಾನುವಾರ ಪತ್ರಿಕೆಗಳ ಕೋಣೆಯಲ್ಲಿ ಸಿಕ್ಕಿಕೊಂಡ ಅದು, ಹೊರಬರಲಾಗದೆ, ಸಂಪುಟಗಳ ರಟ್ಟಿನ ಮೇಲೆ ಉಗುರು ಮಸೆದು ಅವನ್ನು ಹಾಳುಮಾಡಿತು. ಅದನ್ನು ಇಲ್ಲವಾಗಿಸಬೇಕೆಂದು ಆದೇಶವಾಯಿತು. ಆದರೆ ಸಿಬ್ಬಂದಿಯಲ್ಲಿ ಇಬ್ಬರು ಅದನ್ನು ಯಾರಿಗೂ ಕಾಣದ ಜಾಗದಲ್ಲಿ ಬಚ್ಚಿಟ್ಟು ಹಾಲು, ಊಟ ಕೊಟ್ಟು ಕಾಪಾಡಿದರು. ಬೆಕ್ಕು ಕಾಣೆಯಾಗಿದೆ, ಸತ್ತಿರಬಹುದು ಎಂಬ ವರದಿ ಮೇಲಕ್ಕೆ ಹೋಯಿತು. ಸಂಪುಟಗಳ ದುರಸ್ತಿಯಾಯಿತು. ಕೆಲವು ವಾರಗಳ ನಂತರ ಬ್ಲ್ಯಾಕ್ ಜಾಕ್ ಮತ್ತೆ ಕಾಣಿಸಿಕೊಂಡಾಗ ಎಲ್ಲರೂ ಸಂತೋಷಪಟ್ಟರು, ಯಾರೂ ಏನನ್ನೂ ಕೇಳಲಿಲ್ಲ.

1908ರಲ್ಲಿ ಒಂದು ಬೆಳಿಗ್ಗೆ ಬಡ್ಜ್ ಅವರು ತಮ್ಮ ನಿವಾಸದಿಂದ ಹೊರಬರುವಾಗ ಇದೇ ಬ್ಲ್ಯಾಕ್ ಜಾಕ್ ಬಾಯಲ್ಲಿ ಏನನ್ನೋ ಕಚ್ಚಿಕೊಂಡು ಬಂದು ಅವರ ಪಾದದ ಬಳಿ ಇಳಿಸಿ, ಗಂಭೀರವಾಗಿ ನಡೆದು ಹೋಯಿತು. ಇಳಿಸಿ ಹೋದದ್ದು ಒಂದು ಬೆಕ್ಕಿನ ಮರಿ. ಅದೇ ಮೈಕ್. ಮ್ಯೂಸಿಯಂನ ಮುಖ್ಯ ದ್ವಾರದ ಕಾವಲುಗಾರರ ಜೊತೆ ಸ್ನೇಹ ಬೆಳೆಸಿದ ಮೈಕ್ 1909ರ ಫೆಬ್ರವರಿಯಿಂದ 1929ರ ಜನವರಿಯವರೆಗೆ ಆ ದ್ವಾರದಲ್ಲೇ ಬಾಳಿತು. ಭಾನುವಾರದ ಬೆಳಿಗ್ಗೆಗಳಲ್ಲಿ ಮೈಕ್ ಮತ್ತು ಬಡ್ಜ್ ಅವರ ಮನೆಯ ಬೆಕ್ಕು ಸೇರಿ ಪಾರಿವಾಳ ಹಿಡಿಯುವ ರೀತಿಯೊಂದಿತ್ತು: ಮೈಕ್ ಬೇಟೆನಾಯಿಯಂತೆ ಅಲ್ಲಾಡದೆ ನಿಂತು ಪಾರಿವಾಳಗಳ ಕಡೆ ದೃಷ್ಟಿ ನೆಡುವುದು, ಇನ್ನೊಂದು ಬೆಕ್ಕು ಅವನ್ನು ನಿಧಾನವಾಗಿ ಮೂಲೆಗೆ ಒತ್ತಿಕೊಂಡು ಹೋಗುವುದು, ಬಳಿಕ ಎರಡೂ ಒಂದೊಂದು ಹಕ್ಕಿಯನ್ನು ಗಾಯವಾಗದಂತೆ ಕಚ್ಚಿ ಮನೆಯ ಮೇಲ್ವಿಚಾರಕಿಗೆ ತಂದೊಪ್ಪಿಸುವುದು. ಆಕೆ ಹಕ್ಕಿಗಳನ್ನು ತೆಗೆದುಕೊಂಡು ಬದಲಿಗೆ ಮಾಂಸ, ಹಾಲು ಕೊಡುತ್ತಿದ್ದಳು. ಪಾರಿವಾಳಗಳನ್ನು ಉಪಚರಿಸಿ ಹಾರಿಬಿಡುತ್ತಿದ್ದಳು.

ಬಡ್ಜ್ 1924ರಲ್ಲಿ ನಿವೃತ್ತರಾದರು. ಆದರೂ ಮೈಕ್‌ನ ಊಟಕ್ಕಾಗಿ ವಾರಕ್ಕೆ ಆರು ಪೆನ್ಸ್ ಕಳಿಸುವುದನ್ನು ಬಿಡಲಿಲ್ಲ. ಅದು ಸತ್ತ ಮೇಲೆ ಅದರ ಜೀವನ ಚರಿತ್ರೆಯನ್ನು ಬರೆದು ಪತ್ರಿಕೆಯಲ್ಲಿ ಪ್ರಕಟಿಸಿದರು. ಈಜಿಪ್ಟಿನ ಸಾವಿರಾರು ವರ್ಷಗಳ ಹಿಂದಿನ ಬೆಕ್ಕುಗಳ ಮಮ್ಮಿಗಳನ್ನು ಕೈಯಾರೆ ಮುಟ್ಟಿ ನೋಡಿದವರಿಗೆ ಗೇಟಿನ ಬೆಕ್ಕಿನ ಬದುಕೂ ಬರೆದಿಡಲು ಯೋಗ್ಯವೆಂದು ಅನ್ನಿಸಿತಲ್ಲ, ಅದಕ್ಕಾಗಿ ನಾನು ಅವರನ್ನು ಬಹಳ ಗೌರವಿಸುತ್ತೇನೆ.

ಅದೇ 1929ರ ಜೂನಿನಲ್ಲಿ ಲಂಡನ್ನಿನ ಗೃಹ ಇಲಾಖೆಯ ಕಚೇರಿಯಲ್ಲಿ ಪೀಟರ್ ಎಂಬ ಬೆಕ್ಕಿನ ಪೋಷಣೆಗೆಂದು ಚಿಲ್ಲರೆ ಖರ್ಚಿನ ಹಣದಿಂದ ದಿನಕ್ಕೆ ಒಂದು ಪೆನ್ನಿ ಕೊಡಲು ಅನುಮತಿ ದೊರೆಯಿತು. ಇಂದು ಬ್ರಿಟನ್ನಿನ ಪ್ರಧಾನಿ ನಿವಾಸದ ಬೆಕ್ಕು ಲ್ಯಾರಿಯ ಚಿತ್ರಗಳನ್ನು ನಾವೆಲ್ಲ ನೋಡುತ್ತಿರುತ್ತೇವೆ. 2011ರಲ್ಲಿ ಬ್ಯಾಟರ್‌ಸೀಯ ಪ್ರಾಣಿ ಆಶ್ರಯಧಾಮದಿಂದ ಬಂದದ್ದು ಅದು. ಕಡತಪ್ರಿಯೆ ಅವರ ಹಾಲಿನ ಖರ್ಚಿಗೂ ಆ ಚಿಲ್ಲರೆ ಖರ್ಚಿನ ಬಾಬೇ ಸರಿಯಾದ ಜಾಗ ಎಂದು ನನ್ನ ಅಭಿಪ್ರಾಯ.

ಉತ್ತರ: ಮಲೆನಾಡಿನ ಪಶುವೈದ್ಯೆ

ಇಲ್ಲಿಯವರೆಗಿನ ಬರಹಗಳನ್ನು ಬಹಳ ಪ್ರೀತಿಯಿಂದ ಓದಿದೆ. ಆದರೆ ಲಂಡನ್ನಿನ ಬೆಕ್ಕುಗಳ ನಿಜ ಚರಿತ್ರೆಯೆಂದು ಹೇಳುವಾಗ 1939ರ ಸೆಪ್ಟೆಂಬರನ್ನು ಬಿಟ್ಟರೆ ಅದು ಅರ್ಧ ಚರಿತ್ರೆಯಾಗುತ್ತದೆ. ಯುದ್ಧ ಘೋಷಣೆಯಾದ ಮೊದಲ ವಾರದಲ್ಲಿ, ನಗರದ ಮೇಲೆ ಇನ್ನೂ ಒಂದು ಬಾಂಬೂ ಬಿದ್ದಿರದಾಗ, ಲಂಡನ್ನಿನ ಜನರು ತಮ್ಮ ಸಾಕುಪ್ರಾಣಿಗಳನ್ನು ಹೊತ್ತುಕೊಂಡು ಪಶುವೈದ್ಯರ ಬಾಗಿಲುಗಳಲ್ಲಿ ಸಾಲುಗಟ್ಟಿ ನಿಂತರು. ಸುಮಾರು 4 ಲಕ್ಷ ಬೆಕ್ಕು ನಾಯಿಗಳನ್ನು ಕೊಲ್ಲಲಾಯಿತು ಎಂದು ಇದನ್ನು ಆಳವಾಗಿ ಅಧ್ಯಯನ ಮಾಡಿದ ಇತಿಹಾಸಕಾರ್ತಿ ಹಿಲ್ಡಾ ಕೀನ್ ಹೇಳುತ್ತಾರೆ. ಇದಕ್ಕೆ ಸರ್ಕಾರದ ಆಜ್ಞೆ ಇರಲಿಲ್ಲ. ಪ್ರಾಣಿಗಳನ್ನು ಹಳ್ಳಿಗೆ ಕಳಿಸಿ, ಅದು ಆಗದಿದ್ದರೆ, ನೆರೆಯವರೂ ನೋಡಿಕೊಳ್ಳದಿದ್ದರೆ, ನೋವಿಲ್ಲದೆ ಕೊನೆಗಾಣಿಸುವುದೇ ದಯೆ ಎಂಬ ಸಲಹೆಯ ಕರಪತ್ರವೊಂದಿತ್ತು. ಭಯ ಉಳಿದದ್ದನ್ನು ಮಾಡಿತು. ಬಡವರ ಪ್ರಾಣಿಗಳಿಗೆ ಉಚಿತ ಚಿಕಿತ್ಸೆ ಕೊಡುತ್ತಿದ್ದ ಪಿ.ಡಿ.ಎಸ್.ಎ. ಸಂಸ್ಥೆಯು ಲಂಡನ್ನಿನ ಪೂರ್ವಕ್ಕಿರುವ ಇಲ್‌ಫರ್ಡಿನಲ್ಲಿ ತನ್ನ ಹುಲ್ಲುಗಾವಲನ್ನೇ ಹೂಳುವುದಕ್ಕೆ ಬಿಟ್ಟುಕೊಡಬೇಕಾಯಿತು. ನನ್ನ ವೃತ್ತಿಯಲ್ಲಿ ಪ್ರಾಣಿಯೊಂದನ್ನು ಕೊನೆಗಾಣಿಸುವ ಚುಚ್ಚುಮದ್ದನ್ನು ಕೊಡಬೇಕಾಗಿ ಬಂದ ದಿನಗಳಿವೆ, ಅವು ಗುಣವಾಗದ ನೋವಿನಲ್ಲಿದ್ದ ಪ್ರಾಣಿಗಳು. ಆರೋಗ್ಯವಾಗಿದ್ದ, ಮಡಿಲಲ್ಲಿ ಗುರುಗುಟ್ಟುತ್ತಿದ್ದ ಬೆಕ್ಕುಗಳನ್ನು ಒಂದಾದ ಮೇಲೊಂದರಂತೆ ಮೇಜಿನ ಮೇಲೆ ಇಡಿಸಿಕೊಂಡ ಆ ವೈದ್ಯರ ಕೈಗಳನ್ನು ನೆನೆದರೆ ನನಗೆ ಮಾತು ಹೊರಡುವುದಿಲ್ಲ.

ಅದೇ ಯುದ್ಧದ ಇನ್ನೊಂದು ಕತೆಯನ್ನು ಜೊತೆಗಿಟ್ಟು ಹೇಳಿ. ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಪಕ್ಕದ ವಾಟ್ಲಿಂಗ್ ಬೀದಿಯಲ್ಲಿದ್ದ ಸೇಂಟ್ ಅಗಸ್ಟೀನ್ ಚರ್ಚಿಗೆ 1936ರಲ್ಲಿ ಒಂದು ಬೀದಿಬೆಕ್ಕು ಬಂದು ಸೇರಿತು. ಅದನ್ನು ಇಟ್ಟುಕೊಂಡ ಪಾದ್ರಿ ಹೆನ್ರಿ ರಾಸ್ ‘ಫೇತ್’ ಎಂದು ಹೆಸರಿಟ್ಟರು; ನಂಬಿಕೆ ಎಂದರ್ಥ. 1940ರ ಆಗಸ್ಟಿನಲ್ಲಿ ಅದು ಒಂದೇ ಒಂದು ಮರಿ ಹಾಕಿತು. ಸೆಪ್ಟೆಂಬರ್ 6ರಂದು ಅದು ಇದ್ದಕ್ಕಿದ್ದಂತೆ ಮರಿಯ ಕತ್ತನ್ನು ಕಚ್ಚಿ ಹಿಡಿದು, ಬೆಚ್ಚಗಿನ ಮೇಲಿನ ಕೋಣೆಯಿಂದ ಕೆಳಗಿನ ಧೂಳು ತುಂಬಿದ ಗೂಡೊಂದಕ್ಕೆ ಒಯ್ದಿತು. ಪಾದ್ರಿ ಮತ್ತೆ ಮತ್ತೆ ಮೇಲಕ್ಕೆ ತಂದರೂ ಅದು ಮತ್ತೆ ಮತ್ತೆ ಕೆಳಕ್ಕೊಯ್ದಿತು. ಕೊನೆಗೆ ಅವರೇ ಸೋತು ಅದರ ಬುಟ್ಟಿಯನ್ನು ಅಲ್ಲಿಗೇ ಒಯ್ದಿಟ್ಟರು. ಸೆಪ್ಟೆಂಬರ್ 9ರ ರಾತ್ರಿ ಬಾಂಬು ಬಿತ್ತು. ಬೆಳಿಗ್ಗೆ ಉರಿಯುತ್ತಿದ್ದ ಅವಶೇಷದ ನಡುವೆ ಪಾದ್ರಿ ಹೆಸರು ಹಿಡಿದು ಕೂಗಿದಾಗ ಕ್ಷೀಣವಾದ ಒಂದು ಮಿಯಾವ್ ಕೇಳಿಸಿತು. ತೊಲೆಗಳನ್ನು ಸರಿಸಿ ನೋಡಿದರೆ ಬೂದಿ ಮುಚ್ಚಿಕೊಂಡಿದ್ದ ತಾಯಿ, ಅದರ ಮುಂಗಾಲುಗಳ ನಡುವೆ ಮರಿ, ಎರಡಕ್ಕೂ ಗಾಯವಾಗಿರಲಿಲ್ಲ. ಪ್ರಾಣಿಗಳ ಶೌರ್ಯಕ್ಕೆ ಕೊಡುವ ಡಿಕಿನ್ ಪದಕ ಸೇನೆಯೊಂದಿಗೆ ಸೇವೆ ಸಲ್ಲಿಸಿದ ಪ್ರಾಣಿಗಳಿಗೆ ಮೀಸಲಾಗಿದ್ದುದರಿಂದ, 1945ರಲ್ಲಿ ಪಿ.ಡಿ.ಎಸ್.ಎ. ಅದಕ್ಕೊಂದು ಪ್ರತ್ಯೇಕ ಬೆಳ್ಳಿಯ ಪದಕ ಕೊಟ್ಟಿತು. ಅದು 1948ರಲ್ಲಿ ತೀರಿಕೊಂಡಿತು. ಬೆಕ್ಕಿಗೆ ಮೂರು ದಿನ ಮೊದಲೇ ಹೇಗೆ ತಿಳಿಯಿತು ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಬಾಣಂತಿ ಬೆಕ್ಕು ಮರಿಯ ಜಾಗ ಬದಲಿಸುವುದು ಅದರ ಸಹಜ ಸ್ವಭಾವ, ನಮ್ಮ ಮನೆಗಳ ಅಟ್ಟದಲ್ಲಿ ನಾವು ನೋಡುವುದೂ ಅದನ್ನೇ ಎಂದು ಹೇಳಿ. ಅದರಿಂದ ಆ ತಾಯಿಯ ಹಿರಿಮೆಯೇನೂ ಕಡಿಮೆಯಾಗುವುದಿಲ್ಲ. ಸುತ್ತಲೂ ಬೆಂಕಿಯಿದ್ದಾಗಲೂ ಅದು ಮರಿಯನ್ನು ಬಿಟ್ಟು ಓಡಲಿಲ್ಲ.

ಕಡತಪ್ರಿಯೆ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಇಷ್ಟೊಂದು ಬರುತ್ತದೆಂದು ನಾನು ನಿರೀಕ್ಷಿಸಿರಲಿಲ್ಲ. ಎರಡು ಶನಿವಾರಗಳಿಗೆ ಹಂಚಿಕೊಳ್ಳುತ್ತೇನೆ: ಮೊದಲನೆಯದಕ್ಕೆ ಅಂಚೆ ಕಚೇರಿ, ಮ್ಯೂಸಿಯಂ, ಎರಡನೆಯದಕ್ಕೆ ಯುದ್ಧ. ಪಶುವೈದ್ಯೆಯವರು ಹೇಳಿದ 1939ರ ಸಂಗತಿಯನ್ನು ಮರೆಮಾಚುವುದಿಲ್ಲ. ಆದರೆ ಆ ದಿನ ಅದನ್ನು ಮೊದಲು ಹೇಳಿ, ಫೇತ್ ಕತೆಯನ್ನು ನಂತರ ಹೇಳುತ್ತೇನೆ. ಮಕ್ಕಳು ಆ ಮರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಹೋಗಲಿ. ಗುಮಾಸ್ತರ ಲೆಕ್ಕವನ್ನು ನಿನ್ನೆಯೇ ನಮ್ಮ ಬೆಕ್ಕಿನ ಮುಂದೆ ಮಾಡಿ ನೋಡಿದೆ: ಅದಕ್ಕೆ ನಾವು ಕೊಡುತ್ತಿರುವುದು ದಿನಕ್ಕೆ ಕಾಲು ಲೀಟರ್ ಹಾಲು ಮತ್ತು ಒಂದು ಹಿಡಿ ಮೀನನ್ನ.

ಇನ್ನೊಂದೇ ಕೋರಿಕೆ. ಮಕ್ಕಳಿಗೆ ಗೋಡೆಗೆ ಹಾಕಿ ತೋರಿಸಲು ಒಂದು ಚಿತ್ರ ಬೇಕು. ಇಂದಿಗೂ ಹೋಗಿ ನೋಡಬಹುದಾದ ಜಾಗ ಯಾವುದಾದರೂ ಇದೆಯೇ?

ಉತ್ತರ: ಥೇಮ್ಸ್ ದಂಡೆ

ಇದೆ. ಫ್ಲೀಟ್ ಬೀದಿಯ ಹಿಂದಿನ ಸಣ್ಣ ಓಣಿಗಳನ್ನು ಹಿಡಿದು ಹೋದರೆ ಗಫ್ ಸ್ಕ್ವೇರ್ ಸಿಗುತ್ತದೆ. ಇಂಗ್ಲಿಷ್ ನಿಘಂಟನ್ನು 1755ರಲ್ಲಿ ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅವರು ನಿಘಂಟನ್ನು ಸಿದ್ಧಪಡಿಸಿದ ಮನೆ ಅಲ್ಲಿದೆ, ಅದರೆದುರು ಅವರ ಬೆಕ್ಕು ಹಾಜ್‌ನ ಕಂಚಿನ ಪ್ರತಿಮೆ ಇದೆ, 1997ರಲ್ಲಿ ನಿಲ್ಲಿಸಿದ್ದು. ಜಾನ್ಸನ್ನರ ಗೆಳೆಯ ಬಾಸ್‌ವೆಲ್ ಬರೆದಿಟ್ಟ ಪ್ರಕಾರ, ಹಾಜ್‌ಗೆ ಬೇಕಾದ ಸಿಂಪಿಗಳನ್ನು ತರಲು ಜಾನ್ಸನ್ ಸ್ವತಃ ಅಂಗಡಿಗೆ ಹೋಗುತ್ತಿದ್ದರು. ಬೆಕ್ಕಿನ ಕೆಲಸಕ್ಕೆ ಆಳುಗಳನ್ನು ಕಳಿಸಿದರೆ ಅವರಿಗೆ ಆ ಬಡಪ್ರಾಣಿಯ ಮೇಲೆ ಬೇಸರ ಹುಟ್ಟೀತು ಎಂಬುದು ಅವರ ಆತಂಕವಾಗಿತ್ತು. ಸಿಂಪಿ ಆಗ ಬಡವರೂ ಕೊಳ್ಳಬಹುದಾಗಿದ್ದ ಅಗ್ಗದ ಆಹಾರ. ಪ್ರತಿಮೆಯಲ್ಲಿ ಹಾಜ್ ದಪ್ಪನೆಯ ನಿಘಂಟಿನ ಮೇಲೆ ಕೂತಿದೆ, ಮುಂದೆ ಖಾಲಿ ಸಿಂಪಿಯ ಚಿಪ್ಪುಗಳಿವೆ. ಕಳೆದ ವಾರ ಕೆಲಸದಿಂದ ಬರುವಾಗ ಆ ದಾರಿಯಲ್ಲಿ ಹೋಗಿದ್ದೆ. ಜಿಟಿಜಿಟಿ ಮಳೆ. ಚಿಪ್ಪಿನೊಳಗೆ ಯಾರೋ ಇಟ್ಟುಹೋದ ಎರಡು ತಾಮ್ರದ ಪೆನ್ನಿಗಳು ನೀರಿನಲ್ಲಿ ಮುಳುಗಿ ಹೊಳೆಯುತ್ತಿದ್ದವು. ಮೂರು ಫೋಟೋ ತೆಗೆದಿದ್ದೇನೆ, ತಮ್ಮ ಗ್ರಂಥಾಲಯದ ವಿಳಾಸ ಕೊಟ್ಟರೆ ದೊಡ್ಡದಾಗಿ ಮುದ್ರಿಸಿ ಅಂಚೆಯಲ್ಲೇ ಕಳಿಸುತ್ತೇನೆ.